ಎಂಟು ಕೋರ್ ಇದ್ದರೂ ದಫ್ತರ ಒಂದೇ! ಮೊಬೈಲ್ ಒಳಗಿನ ಕರಣಂ ಕಥೆ

ಹಿಂದೂಪುರ : ಮೊಬೈಲ್ ಅಂಗಡಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವ ಮಾತು ‘ಆಕ್ಟಾ ಕೋರ್’. ಎಂಟು ಕೋರ್ ಇದೆ ಸಾರ್, ಎಂಟು ಪಟ್ಟು ಸ್ಪೀಡು ಎಂದು ಅಂಗಡಿಯವರು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳುತ್ತಾರೆ. ಎಂಟು ಕೋರ್ ಇರುವುದು ನಿಜ. ಎಂಟು ಪಟ್ಟು ಸ್ಪೀಡು ಎಂಬುದು ಮಾತ್ರ ವ್ಯಾಪಾರದ ಮಾತು. ಆ ಎಂಟರಲ್ಲಿ ಎಷ್ಟು ಕೋರ್‌ಗಳು ದುಡಿಯುತ್ತವೆ, ಎಷ್ಟು ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತವೆ ಎಂಬುದು ಡಬ್ಬದ ಮೇಲೆ ಹೆಸರೇ ಇಲ್ಲದ ಒಂದು ತಂತ್ರಾಂಶದ ಕೈಯಲ್ಲಿದೆ. ಅದರ ಹೆಸರು ಕರ್ನಲ್.

ಆಂಡ್ರಾಯ್ಡ್ ಫೋನು ಯಾವ ಕಂಪನಿಯದಾದರೂ ಸರಿ, ಒಳಗಿರುವುದು ಲಿನಕ್ಸ್ ಕರ್ನಲ್. ಅದರೊಳಗಿನ ಕಾಯುವಿಕೆಯನ್ನು ತಪ್ಪಿಸಿದ ದೊಡ್ಡ ಕೆಲಸಗಳಲ್ಲೊಂದು ಅಮೆರಿಕದ ಜೊತೆಜೊತೆಗೇ ಬೆಂಗಳೂರಿನಲ್ಲೂ ನಡೆಯಿತು. ಹಿಂದೂಪುರದಿಂದ ರೈಲು ಹತ್ತಿದರೆ ನೂರು ಕಿಲೋಮೀಟರ್ ಆಚೀಚೆ. ದಿನಾ ಆ ರೈಲಿನಲ್ಲಿ ಹೋಗಿ ಬರುವವರಿಗೂ ಈ ವಿಷಯ ಗೊತ್ತಿರುವುದು ಅಪರೂಪ.

ಕರ್ನಲ್ ಅಂದರೆ ಯಾರು?

ವಯಸ್ಸಾದವರಿಗೆ ಒಂದೇ ಮಾತಿನಲ್ಲಿ ಹೇಳಬಹುದು : ಊರಿನ ಕರಣಂ. ಗಡಿಯಾಚೆ ಪಾವಗಡದ ಕಡೆಯವರಾದರೆ ಶಾನುಭೋಗರು ಎನ್ನಬೇಕು. ಹೊಲ ಯಾರದು, ಸರ್ವೆ ನಂಬರ್ ಯಾವುದು, ಕೆರೆ ನೀರು ಯಾರ ಗದ್ದೆಗೆ ಮೊದಲು, ಎಲ್ಲದಕ್ಕೂ ಅವರ ದಫ್ತರವೇ ಆಧಾರ. ಆಂಧ್ರದಲ್ಲಿ ಎನ್‌ಟಿಆರ್ ಸರ್ಕಾರ 1984ರಲ್ಲಿ ಆ ಹುದ್ದೆಗಳನ್ನೇ ರದ್ದು ಮಾಡಿತು. ಕಂಪ್ಯೂಟರ್‌ನೊಳಗಿನ ಕರಣಂ ಮಾತ್ರ ಇನ್ನೂ ಹಾಗೇ ಇದ್ದಾನೆ. ಮೆಮೊರಿಯ ಯಾವ ತುಂಡು ಯಾವ ಪ್ರೋಗ್ರಾಂಗೆ, ಯಾವ ಫೈಲ್ ಎಲ್ಲಿದೆ, ಪ್ರೊಸೆಸರ್ ಈಗ ಯಾರ ಕೆಲಸ ಮಾಡಬೇಕು, ಎಲ್ಲವೂ ಅವನ ಪುಸ್ತಕದಲ್ಲಿ. ವಾಟ್ಸಪ್ ಆಗಲಿ ಕ್ಯಾಮೆರಾ ಆಗಲಿ, ಅವನನ್ನು ಕೇಳದೆ ಏನೂ ಮಾಡುವಂತಿಲ್ಲ.

ಪ್ರೊಸೆಸರ್ ಒಂದೇ ಇದ್ದಾಗ ತೊಂದರೆ ಇರಲಿಲ್ಲ. ಒಬ್ಬನೇ ಗುಮಾಸ್ತ, ಒಂದೇ ಪುಸ್ತಕ. ವೇಗ ಬೇಕೆಂದರೆ ಎರಡು ವರ್ಷ ಕಾದರೆ ಸಾಕಿತ್ತು, ಹೊಸ ಪ್ರೊಸೆಸರ್ ತಾನಾಗಿಯೇ ಚುರುಕಾಗಿ ಬರುತ್ತಿತ್ತು. 2004ರ ಹೊತ್ತಿಗೆ ಆ ಓಟ ನಿಂತಿತು. ಇನ್ನೂ ವೇಗವಾಗಿ ಓಡಿಸಿದರೆ ಚಿಪ್ ತಡೆಯಲಾರದಷ್ಟು ಬಿಸಿಯಾಗುತ್ತಿತ್ತು. ಇಂಟೆಲ್ ಕಂಪನಿ ಆ ವರ್ಷ ‘ತೇಜಸ್’ ಎಂಬ ಹೆಸರಿನ ತನ್ನ ಮುಂದಿನ ಚಿಪ್ಪನ್ನೇ ಕೈಬಿಟ್ಟಿತು. 2005ರಿಂದ ಮನೆ ಕಂಪ್ಯೂಟರಿಗೂ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಬಂದವು. ಆಮೇಲೆ ನಾಲ್ಕು, ಎಂಟು. ಒಬ್ಬ ಗುಮಾಸ್ತ ಇನ್ನಷ್ಟು ಚುರುಕಾಗಲಾರ ಎಂದಾದಾಗ ಗುಮಾಸ್ತರ ಸಂಖ್ಯೆ ಹೆಚ್ಚಿಸಿದರು, ಅಷ್ಟೇ.

ಹತ್ತು ಹಮಾಲಿ, ಒಂದು ಕಾಟಾ

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯನ್ನೇ ನೆನೆಸಿಕೊಳ್ಳಿ. ಮೂಟೆ ಇಳಿಸುವುದು, ಹೊರುವುದು, ತೂಗುವುದು, ಚೀಟಿ ಬರೆಯುವುದು. ಇಳಿಸಲು ಹೊರಲು ಎಷ್ಟು ಹಮಾಲಿಗಳನ್ನಾದರೂ ಹಾಕಬಹುದು. ತೂಕದ ಕಾಟಾ ಒಂದೇ ಇದ್ದರೆ? ಒಂದು ಹಂತದ ನಂತರ ಹಮಾಲಿಗಳು ಮೂಟೆ ಹೊತ್ತುಕೊಂಡು ಕಾಟಾ ಮುಂದೆ ಸಾಲಾಗಿ ನಿಲ್ಲುತ್ತಾರೆ.

ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞ 1967ರಲ್ಲೇ ಈ ಲೆಕ್ಕವನ್ನು ಮುಂದಿಟ್ಟಿದ್ದರು. ಕೆಲಸದಲ್ಲಿ ನೂರಕ್ಕೆ ಹತ್ತು ಭಾಗ ಒಬ್ಬೊಬ್ಬರಾಗಿಯೇ ಮಾಡಬೇಕಾದದ್ದು ಎಂದಿಟ್ಟುಕೊಳ್ಳಿ. ಎಂಟು ಪ್ರೊಸೆಸರ್ ಹಾಕಿದರೆ ಸಿಗುವ ವೇಗ ಎಂಟು ಪಟ್ಟಲ್ಲ, ಸುಮಾರು 4.7 ಪಟ್ಟು. ನಲವತ್ತೆಂಟು ಹಾಕಿದರೆ 8.4 ಪಟ್ಟು. ಸಾವಿರ ಹಾಕಿದರೂ ಹತ್ತು ಪಟ್ಟು ದಾಟುವುದಿಲ್ಲ! ಆ ಹತ್ತು ಭಾಗವನ್ನು ಕಡಿಮೆ ಮಾಡುವುದೇ ಕರ್ನಲ್ ಬರೆಯುವವರ ಇಡೀ ಹೋರಾಟ.

ಇಡೀ ಕಚೇರಿಗೆ ಒಂದೇ ಬೀಗ

ಗುಮಾಸ್ತರು ಇಬ್ಬರಾದ ಕೂಡಲೇ ಬರುವ ಮೊದಲ ಕಷ್ಟ, ಇಬ್ಬರೂ ಒಂದೇ ಪುಟದ ಮೇಲೆ ಒಟ್ಟಿಗೆ ಬರೆಯುವುದು. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುತ್ತಾನೆ, ಒಂದೇ ಹೊಲ ಇಬ್ಬರ ಹೆಸರಿಗೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಾದರೆ ಇಡೀ ಯಂತ್ರವೇ ಸ್ತಬ್ಧ. ಇದಕ್ಕೆ ಮದ್ದು ಬೀಗ, ಅವರ ಭಾಷೆಯಲ್ಲಿ ಲಾಕ್.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದಾಗ ಅದು ಒಂದೇ ಪ್ರೊಸೆಸರ್‌ನ ಕಂಪ್ಯೂಟರಿಗೆ ಎಂದು ಬರೆದದ್ದು. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ನಡೆಸುವ ಶಕ್ತಿ ಬಂದದ್ದು 1996ರ 2.0 ಆವೃತ್ತಿಯಲ್ಲಿ, ಬ್ರಿಟನ್ನಿನ ಅಲನ್ ಕಾಕ್ಸ್ ಅವರ ದುಡಿಮೆಯಿಂದ. ಆಗ ಅವರು ಹಿಡಿದ ದಾರಿ ಅತಿ ಸರಳ. ಇಡೀ ಕಚೇರಿಗೆ ಒಂದೇ ಬೀಗ. ಒಂದು ಪ್ರೊಸೆಸರ್ ಕರ್ನಲ್ ಒಳಗೆ ಹೋದರೆ ಉಳಿದವು ಹೊರಗೇ ನಿಲ್ಲಬೇಕು. ಕೆಲಸ ಕೆಡುವುದಿಲ್ಲ, ಸಾಗುವುದೂ ಇಲ್ಲ. ‘ಬಿಗ್ ಕರ್ನಲ್ ಲಾಕ್’ ಎಂದು ಹೆಸರಾದ ಆ ಬೀಗವನ್ನು ಚೂರುಚೂರಾಗಿ ಕಳಚಿ, ಕೊನೆಯ ತುಂಡನ್ನೂ ತೆಗೆದುಹಾಕಲು 2011ರ ತನಕ ಹಿಡಿಯಿತು. ಹದಿನೈದು ವರ್ಷ! ನಮ್ಮ ಕಚೇರಿಗಳನ್ನು ಮಾತ್ರ ಬೈಯಬೇಕಾಗಿಲ್ಲ ಅನ್ನಿ.

ದೊಡ್ಡ ಬೀಗದ ಜಾಗದಲ್ಲಿ ಸಣ್ಣ ಸಣ್ಣ ಬೀಗಗಳು ಬಂದವು. ಒಂದೊಂದು ಪುಸ್ತಕಕ್ಕೆ ಒಂದೊಂದು, ಆಮೇಲೆ ಒಂದೊಂದು ಪುಟಕ್ಕೆ ಒಂದೊಂದು. ಇಲ್ಲಿ ಇನ್ನೊಂದು ವಿಚಿತ್ರ ಎದುರಾಯಿತು. ಬರೆಯುವವರಿಗೆ ಬೀಗ ಬೇಕು, ಸರಿ. ಸುಮ್ಮನೆ ಓದಲು ಬಂದವರಿಗೂ ಏಕೆ ಬೀಗ?

ಓದುಗರಿಗೆ ಮಾತ್ರ ಎಂದೇ ಇರುವ ಬೀಗಗಳೂ ಇದ್ದವು. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಆದರೆ ಬಾಗಿಲಲ್ಲಿರುವ ರಿಜಿಸ್ಟರಿನಲ್ಲಿ ‘ಬಂದೆ’, ‘ಹೋದೆ’ ಎಂದು ಗುರುತು ಹಾಕಬೇಕು. ಆ ರಿಜಿಸ್ಟರು ಒಂದೇ. ಪ್ರತಿ ಪ್ರೊಸೆಸರ್ ತನಗೆ ಬೇಕಾದದ್ದನ್ನು ತನ್ನ ಪಕ್ಕದಲ್ಲೇ ಕ್ಯಾಶ್ ಎಂಬ ಪುಟ್ಟ ಜೇಬಿನಲ್ಲಿ ಇಟ್ಟುಕೊಳ್ಳುತ್ತದೆ. ರಿಜಿಸ್ಟರಿನ ಮೇಲೆ ಬರೆಯಬೇಕೆಂದರೆ ಅದು ಇನ್ನೊಬ್ಬರ ಜೇಬಿನಿಂದ ತನ್ನ ಜೇಬಿಗೆ ಬರಬೇಕು. ಎರಡು ಅಂಕಿ ಕೂಡಲು ಪ್ರೊಸೆಸರ್‌ಗೆ ಒಂದು ನ್ಯಾನೊಸೆಕೆಂಡೂ ಬೇಡ. ದೊಡ್ಡ ಯಂತ್ರದಲ್ಲಿ ಆ ರಿಜಿಸ್ಟರು ಜೇಬಿನಿಂದ ಜೇಬಿಗೆ ಬರಲು ನೂರು ನ್ಯಾನೊಸೆಕೆಂಡಿನ ಆಸುಪಾಸು ಬೇಕಾಗಬಹುದು. ಒಂದು ಸಾಲು ಓದಿ ಹೋಗಲು ಬಂದವನು ಸಹಿ ಹಾಕುವುದರಲ್ಲೇ ಹೊತ್ತು ಕಳೆಯುತ್ತಾನೆ.

ಹಳೇ ಪ್ರತಿ ಹರಿಯಬೇಡಿ

ಇದಕ್ಕೆ ಸಿಕ್ಕ ಉತ್ತರವೇ ಆರ್‌ಸಿಯು. ರೀಡ್ ಕಾಪಿ ಅಪ್‌ಡೇಟ್ ಎಂಬುದರ ಮೊಟಕು ಹೆಸರು. ಓದುವುದು, ನಕಲು ಮಾಡುವುದು, ತಿದ್ದುವುದು.

ಗಡಿ ಜನರಿಗೆ ಇದನ್ನು ಹೇಳಲು ಒಳ್ಳೆಯ ಉದಾಹರಣೆ ಮನೆ ಬಾಗಿಲಲ್ಲೇ ಇದೆ. 2022ರ ಏಪ್ರಿಲ್ 4ರಂದು ಹಿಂದೂಪುರ ಅನಂತಪುರ ಜಿಲ್ಲೆಯಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆ ದಿನ ಏನು ಮಾಡಬಹುದಿತ್ತು? ಎಲ್ಲ ಕಚೇರಿಗಳ ಬಾಗಿಲು ಹಾಕಿ, ಒಳಗಿದ್ದ ಜನರನ್ನು ಹೊರಗೆ ಕಳಿಸಿ, ಕಾಗದಗಳನ್ನೆಲ್ಲ ತಿದ್ದಿ, ಮತ್ತೆ ಬಾಗಿಲು ತೆರೆಯಬಹುದಿತ್ತು. ಅದು ಬೀಗದ ದಾರಿ. ಇನ್ನೊಂದು ದಾರಿ ಹೀಗೆ : ಹೊಸ ಹೆಸರಿನ ಪಟ್ಟಿಯನ್ನು ಪಕ್ಕದಲ್ಲಿ ಪೂರ್ತಿಯಾಗಿ ತಯಾರು ಮಾಡಿ, ಒಂದು ಕ್ಷಣದಲ್ಲಿ ಗೋಡೆಯ ಮೇಲಿನ ಬಾಣದ ಗುರುತನ್ನು ಹೊಸ ಪಟ್ಟಿಯ ಕಡೆ ತಿರುಗಿಸುವುದು. ಆಮೇಲೆ ಬಂದವರು ಹೊಸದನ್ನು ಓದುತ್ತಾರೆ. ಆಗಲೇ ಹಳೆಯದನ್ನು ಹಿಡಿದು ಓದುತ್ತಿದ್ದವರು ಓದಿ ಮುಗಿಸಲಿ. ಯಾರನ್ನೂ ಎಬ್ಬಿಸುವುದಿಲ್ಲ, ಯಾರೂ ಸಹಿ ಹಾಕುವುದಿಲ್ಲ.

ಕಷ್ಟ ಇರುವುದು ಕೊನೆಯಲ್ಲಿ. ಹಳೇ ಪಟ್ಟಿಯನ್ನು ಯಾವಾಗ ಹರಿದುಹಾಕುವುದು? ಬೇಗ ಹರಿದರೆ ಓದುತ್ತಿದ್ದವನ ಕೈಯಲ್ಲಿ ಚೂರು ಉಳಿಯುತ್ತದೆ, ಕರ್ನಲ್ ಕುಸಿದು ಬೀಳುತ್ತದೆ. ಹರಿಯದೇ ಇದ್ದರೆ ಕಚೇರಿಯೆಲ್ಲ ಹಳೇ ಕಾಗದ. ಓದುವವರು ಸಹಿ ಹಾಕಿಲ್ಲವಾದ್ದರಿಂದ ಯಾರು ಇನ್ನೂ ಓದುತ್ತಿದ್ದಾರೆ ಎಂದು ತಿಳಿಯುವುದು ಹೇಗೆ?

ಇಲ್ಲೇ ಆರ್‌ಸಿಯು ಜಾಣತನ. ನಿಯಮ ಒಂದೇ : ಬೆಂಚಿನ ಮೇಲೆ ಕೂತು ಓದುವವನು ಓದಿ ಮುಗಿಯುವವರೆಗೆ ಏಳಬಾರದು. ಹಾಗಿದ್ದರೆ ಬಾಣ ತಿರುಗಿಸಿದ ಮೇಲೆ ಒಬ್ಬೊಬ್ಬರೂ ಒಂದು ಸಲ ಬೆಂಚಿನಿಂದ ಎದ್ದದ್ದನ್ನು ನೋಡಿದರೆ ಸಾಕು. ಎದ್ದವನು ಮತ್ತೆ ಬಂದು ಕೂತರೂ ಚಿಂತೆಯಿಲ್ಲ, ಈಗ ಅವನು ಓದುವುದು ಹೊಸ ಪಟ್ಟಿಯನ್ನೇ. ಪ್ರತಿ ಪ್ರೊಸೆಸರ್ ಹೇಗೂ ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಅದೇ ಬೆಂಚಿನಿಂದ ಏಳುವುದು. ಎಲ್ಲ ಪ್ರೊಸೆಸರ್‌ಗಳೂ ಒಮ್ಮೆ ಎದ್ದವು ಎಂದರೆ ಹಳೇ ಪಟ್ಟಿ ಯಾರ ಕೈಯಲ್ಲೂ ಇಲ್ಲ ಎಂದರ್ಥ. ಆಗ ಹರಿಯಬಹುದು. ಓದುವವನ ಮೇಲೆ ಬೀಳುವ ಹೊರೆ ಹೆಚ್ಚುಕಡಿಮೆ ಸೊನ್ನೆ.

ಬೆಂಗಳೂರಿನ ಪಾಲು

ಇದರ ಮೂಲ ಅಮೆರಿಕದ ಒರೆಗಾನ್ ರಾಜ್ಯದ ಸೀಕ್ವೆಂಟ್ ಎಂಬ ಕಂಪನಿ. ಹಲವು ಪ್ರೊಸೆಸರ್‌ಗಳ ದೊಡ್ಡ ಯಂತ್ರ ಮಾಡಿ ಮಾರುತ್ತಿದ್ದ ಕಂಪನಿ ಅದು. ಅಲ್ಲಿನ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ 1993ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1995ರಲ್ಲಿ ಸಿಕ್ಕಿತು. 1999ರಲ್ಲಿ ಐಬಿಎಂ ಸೀಕ್ವೆಂಟನ್ನೇ ಕೊಂಡುಕೊಂಡಿತು. ಐಬಿಎಂಗೆ ಲಿನಕ್ಸ್ ದೊಡ್ಡ ಯಂತ್ರಗಳ ಮೇಲೆ ಓಡಬೇಕಿತ್ತು, ಅದಕ್ಕಾಗಿ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಎಂಬ ವಿಭಾಗ ಇತ್ತು. ಆ ವಿಭಾಗದ ಒಂದು ತಂಡ ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ.

ಆ ತಂಡದ ದೀಪಂಕರ್ ಸರ್ಮಾ ಮತ್ತು ಮನೀಶ್ ಸೋನಿ ಅವರ ಹೆಸರು 2001ರಲ್ಲಿ ಕೆನಡಾದ ಒಟ್ಟಾವದ ಲಿನಕ್ಸ್ ಸಮಾವೇಶದಲ್ಲಿ ಮಂಡಿಸಿದ ಆರ್‌ಸಿಯು ಪ್ರಬಂಧದಲ್ಲಿ ಮೆಕೆನ್ನಿ ಹೆಸರಿನ ಜೊತೆಗಿದೆ. ಲಿನಕ್ಸ್‌ಗೆ ಆರ್‌ಸಿಯು ಹೇಗಿರಬೇಕು ಎಂಬುದಕ್ಕೆ ಹಲವರು ಹಲವು ರೂಪ ಬರೆದರು, ಚರ್ಚೆ ನಡೆಯಿತು. 2002ರ ಅಕ್ಟೋಬರ್‌ನಲ್ಲಿ, 2.5.43 ಆವೃತ್ತಿಯಲ್ಲಿ, ಒಳಗೆ ಸೇರಿದ್ದು ಸರ್ಮಾ ಅವರು ಕಳಿಸಿದ ರೂಪ.

ಮುಂದಿನ ಹೆಜ್ಜೆ ಫೈಲ್ ಹುಡುಕುವ ಕೆಲಸ. ಒಂದು ಫೈಲ್ ತೆರೆಯುವುದೆಂದರೆ ಜಿಲ್ಲೆ, ಮಂಡಲ, ಗ್ರಾಮ, ಸರ್ವೆ ನಂಬರ್ ಎಂದು ಒಂದೊಂದೇ ಮೆಟ್ಟಿಲು ಇಳಿದ ಹಾಗೆ. ಇಳಿದ ದಾರಿಯನ್ನು ಕರ್ನಲ್ ಒಂದು ನೆನಪಿನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಫೋಟೋ ತೆರೆದರೂ ಹಾಡು ಹಾಕಿದರೂ ಆ ಪಟ್ಟಿಯನ್ನು ಮುಟ್ಟಲೇಬೇಕು. ಅದಕ್ಕೆ ಒಂದೇ ಬೀಗವಿತ್ತು. ಪ್ರೊಸೆಸರ್ ಹೆಚ್ಚಿದಷ್ಟೂ ಆ ಬೀಗದ ಮುಂದೆ ಸಾಲು ಬೆಳೆಯಿತು. ಸೋನಿ, ಸರ್ಮಾ ಮತ್ತು ಸಂಗಡಿಗರು ಈ ಹುಡುಕಾಟಕ್ಕೆ ಆರ್‌ಸಿಯು ಅಳವಡಿಸಿದರು.

ಓದುವಾಗಲೇ ಯಾರೋ ಫೈಲಿನ ಹೆಸರು ಬದಲಾಯಿಸಿದರೆ? ಅನಂತಪುರ ಎಂದು ಹುಡುಕುತ್ತಾ ಹೋದವನಿಗೆ ಅರ್ಧ ದಾರಿಯಲ್ಲಿ ಹಿಂದೂಪುರ ಬೇರೆ ಜಿಲ್ಲೆಯಲ್ಲಿ ಸಿಕ್ಕರೆ? ಅದಕ್ಕೂ ಉಪಾಯವಿದೆ. ಹುಡುಕುವ ಮುಂಚೆ ಒಂದು ಸಂಖ್ಯೆ ನೋಡಿಕೊಳ್ಳುವುದು, ಹುಡುಕಿದ ಮೇಲೆ ಮತ್ತೆ ನೋಡುವುದು. ಸಂಖ್ಯೆ ಬದಲಾಗಿದ್ದರೆ ನಡುವೆ ಯಾರೋ ಹೆಸರು ತಿದ್ದಿದ್ದಾರೆ, ಮೊದಲಿನಿಂದ ಹುಡುಕು. ಹೆಸರು ಬದಲಾಯಿಸುವುದು ಅಪರೂಪ, ಹುಡುಕುವುದು ಕ್ಷಣಕ್ಷಣಕ್ಕೂ. ಆದ್ದರಿಂದ ಈ ಪುನಃ ಹುಡುಕಾಟ ದುಬಾರಿಯಲ್ಲ. 2003ರ ಡಿಸೆಂಬರ್‌ನಲ್ಲಿ ಬಂದ 2.6 ಆವೃತ್ತಿಯಲ್ಲಿ ಇದೆಲ್ಲ ಜಗತ್ತಿನ ಕೈಗೆ ಸಿಕ್ಕಿತು.

ಬೀಗ ತೆಗೆದರೆ ಕೋರ್ಟು

ಇಷ್ಟಕ್ಕೇ ಮುಗಿಯಲಿಲ್ಲ. 2003ರ ಮಾರ್ಚ್‌ನಲ್ಲಿ ಎಸ್‌ಸಿಒ ಎಂಬ ಕಂಪನಿ ಅಮೆರಿಕದ ಯೂಟಾದಲ್ಲಿ ಐಬಿಎಂ ಮೇಲೆ ದಾವೆ ಹೂಡಿತು. ಕೇಳಿದ್ದು ಮೊದಲು 100 ಕೋಟಿ ಡಾಲರ್, ಬರಬರುತ್ತಾ 500 ಕೋಟಿ. ಅದರ ದೂರಿನಲ್ಲಿ ಆರ್‌ಸಿಯು ಹೆಸರೂ ಇತ್ತು. ಸೀಕ್ವೆಂಟ್ ಯುನಿಕ್ಸ್ ಪರವಾನಗಿ ಪಡೆದು ಮಾಡಿದ ತಂತ್ರಾಂಶದೊಳಗಿನ ಸೊತ್ತದು, ಅದನ್ನು ಲಿನಕ್ಸ್‌ಗೆ ಕೊಡುವ ಹಕ್ಕು ಐಬಿಎಂಗೆ ಇಲ್ಲ ಎಂಬುದು ವಾದ. ಪೇಟೆಂಟ್ ಐಬಿಎಂ ಕೈಯಲ್ಲಿದ್ದರೂ ಈ ತಕರಾರು! ಹೊಲ ನಿಮ್ಮ ಹೆಸರಿಗೇ ಇದೆ, ಬೆಳೆ ಮಾತ್ರ ಹೊರಗೆ ಕೊಡಬೇಡಿ ಎಂದಂತೆ.

ವಾದ ಗೆದ್ದಿದ್ದರೆ ಲಿನಕ್ಸ್ ಬಳಸುವ ಕಂಪನಿಗಳೆಲ್ಲ ಹಣ ಕಟ್ಟಬೇಕಾಗಿ ಬರಬಹುದಿತ್ತು, ಬೀಗದ ಮುಂದೆ ಸಾಲು ಮತ್ತೆ ಬೆಳೆಯುತ್ತಿತ್ತು. ಹಾಗಾಗಲಿಲ್ಲ. ಯುನಿಕ್ಸ್ ಹಕ್ಕು ನಾವೆಲ್ ಕಂಪನಿಯದೇ ಎಂದು 2010ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಎಸ್‌ಸಿಒ 2007ರಲ್ಲೇ ದಿವಾಳಿ ಅರ್ಜಿ ಹಾಕಿತ್ತು. ಐಬಿಎಂ ಜೊತೆಗಿನ ವ್ಯಾಜ್ಯ 2021ರಲ್ಲಿ 1.425 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಹದಿನೆಂಟು ವರ್ಷ ನಡೆದ ಕೇಸು. ಆರ್‌ಸಿಯು ಲಿನಕ್ಸ್‌ನಲ್ಲೇ ಉಳಿಯಿತು.

ಇದರಲ್ಲಿ ಒಂದು ತಮಾಷೆಯೂ ಇದೆ. ಅಲನ್ ಕಾಕ್ಸ್ ಅವರು ಲಿನಕ್ಸ್‌ಗೆ ಎರಡು ಪ್ರೊಸೆಸರ್ ನಡೆಸಲು ಕಲಿಸುತ್ತಿದ್ದಾಗ ಅದಕ್ಕೆ ಬೇಕಾದ ಬೋರ್ಡು ದಾನ ಕೊಟ್ಟದ್ದು ಕಾಲ್ಡೆರಾ ಎಂಬ ಕಂಪನಿ. ಅದೇ ಕಾಲ್ಡೆರಾ ವಂಶದ ಕಂಪನಿ 2002ರಲ್ಲಿ ಹೆಸರು ಬದಲಾಯಿಸಿಕೊಂಡು ಎಸ್‌ಸಿಒ ಆದದ್ದು.

ಜನ ಹೆಚ್ಚಾದರೆ ಕೆಲಸ ಕಡಿಮೆ!

ಬೀಗಗಳನ್ನು ಪೂರ್ತಿ ತೆಗೆಯಲಾಗುವುದಿಲ್ಲ. ಬರೆಯುವವರಿಗೆ ಬೇಕೇ ಬೇಕು. ಹಾಗಾದರೆ ಸಾಲು ಹೇಗಿರಬೇಕು? ಮೊದಲೆಲ್ಲ ನೂಕುನುಗ್ಗಲು, ಕೈಗೆ ಸಿಕ್ಕವನಿಗೆ ಬೀಗ. ಮೂಲೆಯಲ್ಲಿದ್ದ ಪ್ರೊಸೆಸರ್‌ಗೆ ಸರದಿಯೇ ಬರುತ್ತಿರಲಿಲ್ಲ. 2008ರಲ್ಲಿ ಟೋಕನ್ ಪದ್ಧತಿ ಬಂತು, ಡಾಕ್ಟರ ಬಳಿ ಚೀಟಿ ಹಿಡಿದು ಕೂರುವಂತೆ. ನ್ಯಾಯ ಸಿಕ್ಕಿತು. ಆದರೆ ಎಲ್ಲರೂ ಗೋಡೆಯ ಮೇಲಿನ ಒಂದೇ ನಂಬರನ್ನು ನೋಡುತ್ತಾ ನಿಂತರು. ನಂಬರ್ ಬದಲಾದಾಗೆಲ್ಲ ಎಲ್ಲ ಪ್ರೊಸೆಸರ್‌ಗಳೂ ಅದನ್ನು ತಂತಮ್ಮ ಜೇಬಿಗೆ ಎಳೆದುಕೊಳ್ಳಬೇಕು. ಮತ್ತದೇ ಎಳೆದಾಟ.

ಅಮೆರಿಕದ ಎಂಐಟಿ ಸಂಶೋಧಕರು 2010ರಲ್ಲಿ 48 ಕೋರ್‌ಗಳ ಯಂತ್ರದ ಮೇಲೆ ಲಿನಕ್ಸ್ ಓಡಿಸಿ ಇದನ್ನು ಅಳೆದರು. ಈಮೇಲ್ ಹಂಚುವ ಒಂದು ಪ್ರೋಗ್ರಾಂ ಕೋರ್ ಹೆಚ್ಚಿದಂತೆ ಚುರುಕಾಗುತ್ತಾ ಹೋಗಿ, ಕೊನೆಯ ಕೆಲವು ಕೋರ್ ಸೇರಿಸಿದಾಗ ಒಮ್ಮೆಲೇ ಕುಸಿಯಿತು. ಕಾರಣ, ಡಿಸ್ಕುಗಳ ಪಟ್ಟಿಗಿದ್ದ ಒಂದು ಸಣ್ಣ ಬೀಗ. ಆ ಬೀಗ ಹಿಡಿದು ಮಾಡುವ ಕೆಲಸ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ, ಆದರೂ ಇಡೀ ಯಂತ್ರ ಮುಗ್ಗರಿಸಿತು. ಪಟ್ಟಿಯ ಒಂದೊಂದು ಪ್ರತಿಯನ್ನು ಪ್ರತಿ ಕೋರ್‌ಗೂ ಕೊಟ್ಟಾಗ ಸರಿಹೋಯಿತು. ಏಳು ಬಗೆಯ ಕೆಲಸಗಳಲ್ಲಿ ಕಂಡ ಇಂಥ ತೊಡಕುಗಳನ್ನು ಬಿಡಿಸಲು ಅವರು ಕರ್ನಲ್‌ಗೆ ಬರೆದದ್ದು ಒಟ್ಟು ಸುಮಾರು 3000 ಸಾಲು. ಲಕ್ಷಾಂತರ ಸಾಲುಗಳ ಕರ್ನಲ್‌ನಲ್ಲಿ ಇದು ಚಿಟಿಕೆ ಉಪ್ಪು.

ಅವರ ಇನ್ನೊಂದು ಉಪಾಯ ಎಣಿಕೆಯದು. ಹಮಾಲಿಗಳು ಪ್ರತಿ ಮೂಟೆಗೂ ಓಡಿಬಂದು ಒಂದೇ ಪುಸ್ತಕದಲ್ಲಿ ಗೀಟು ಹಾಕುವ ಬದಲು ತಂತಮ್ಮ ಚೀಟಿಯಲ್ಲಿ ಗೀಟು ಹಾಕಿ, ಬೇಕಾದಾಗ ಕೂಡಿಸುವುದು. ನಮ್ಮ ಮಂಡಿಗಳಲ್ಲಿ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಟೋಕನ್ ಬೀಗಕ್ಕೂ ಮದ್ದು ಸಿಕ್ಕಿತು. ಎಲ್ಲರೂ ಗೋಡೆ ನೋಡುವ ಬದಲು, ಕೆಲಸ ಮುಗಿಸಿದವನು ತನ್ನ ಹಿಂದೆ ನಿಂತವನ ಭುಜ ತಟ್ಟಿ ಹೋಗುವ ಕ್ರಮ. 1991ರಲ್ಲಿ ಜಾನ್ ಮೆಲರ್ ಕ್ರಮ್ಮಿ ಮತ್ತು ಮೈಕೆಲ್ ಸ್ಕಾಟ್ ಹೇಳಿದ್ದ ಈ ಕ್ರಮವನ್ನು ಆಧರಿಸಿದ ಬೀಗ 2015ರಲ್ಲಿ ಲಿನಕ್ಸ್‌ಗೆ ಬಂತು.

ಎಲ್ಲಿ ನಡೆಯುವುದಿಲ್ಲ?

ಆರ್‌ಸಿಯು ಎಲ್ಲ ರೋಗಕ್ಕೂ ಮದ್ದಲ್ಲ. ಓದುವವರು ನೂರು, ತಿದ್ದುವವರು ಒಬ್ಬರು ಇರುವ ಕಡೆ ಮಾತ್ರ ಲಾಭ. ಎಲ್ಲರೂ ತಿದ್ದುತ್ತಲೇ ಇದ್ದರೆ ನಕಲು ಮಾಡುವುದೇ ಹೊರೆ. ಮತ್ತೆ, ಓದುವವನಿಗೆ ಒಂದು ಕ್ಷಣ ಹಳೆಯ ಮಾಹಿತಿ ಸಿಗಬಹುದು. ಫೈಲಿನ ದಾರಿ ಹುಡುಕುವಾಗ ಪರವಾಗಿಲ್ಲ. ಬ್ಯಾಂಕಿನ ಖಾತೆಯಿಂದ ಹಣ ತೆಗೆಯುವಾಗ ಹಳೇ ಬಾಕಿ ತೋರಿಸಿದರೆ ಆಯಿತೇ? ಅಲ್ಲಿ ಬೀಗವೇ ಬೇಕು. ಹಳೇ ಪ್ರತಿಗಳು ಹರಿಯುವವರೆಗೆ ಮೆಮೊರಿಯನ್ನೂ ತಿನ್ನುತ್ತವೆ.

ಇನ್ನು ಅಂಗಡಿಯವರ ಎಂಟು ಕೋರ್. ಹೆಚ್ಚಿನ ಫೋನುಗಳಲ್ಲಿ ಆ ಎಂಟೂ ಒಂದೇ ಸಮನಾದವಲ್ಲ. ಕೆಲವು ಬಲವಾದವು, ಕೆಲವು ಬ್ಯಾಟರಿ ಉಳಿಸಲು ಇಟ್ಟ ಸಣ್ಣವು. ಕೊಳ್ಳುವಾಗ ಕೋರ್ ಎಣಿಸುವುದಕ್ಕಿಂತ ಯಾವ ಚಿಪ್, ಎಷ್ಟು ರ‍್ಯಾಮ್ ಎಂದು ಕೇಳುವುದು ಮೇಲು. ಮನೆಯ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಓದುತ್ತಿದ್ದರೆ ಇನ್ನೊಂದು ಸಂಗತಿ : ಈ ಕರ್ನಲ್‌ನ ಪ್ರತಿ ಸಾಲೂ ಯಾರು ಬೇಕಾದರೂ ಇಳಿಸಿಕೊಂಡು ಓದಲು ಬಿಟ್ಟದ್ದು, ಶುಲ್ಕವಿಲ್ಲ.

ಫೋನಿನ ಸೆಟ್ಟಿಂಗ್ಸ್ ಒಳಗೆ ‘ಅಬೌಟ್ ಫೋನ್’ ಒತ್ತಿ ಹುಡುಕಿದರೆ ಕರ್ನಲ್ ಆವೃತ್ತಿಯ ಸಂಖ್ಯೆ ಕಾಣುತ್ತದೆ. 4 ಅಥವಾ 5 ಅಥವಾ 6ರಿಂದ ಶುರುವಾಗುವ ಸಂಖ್ಯೆ ಇರಬಹುದು. ಅದನ್ನು ತಯಾರಿಸಿದ ಮೂಲ ಕಡತಗಳಲ್ಲಿ ಆರ್‌ಸಿಯು ಕಡತವೂ ಒಂದು. ಅದರ ತಲೆಯಲ್ಲಿ ಹಕ್ಕು ಐಬಿಎಂ, 2001 ಎಂದಿದೆ. ಅದರ ಕೆಳಗೆ ಬರೆದವರು ಎಂದು ಮೊದಲು ಇರುವ ಹೆಸರು ದೀಪಂಕರ್ ಸರ್ಮಾ.